ಬಿಗಿದಷ್ಟೂ ಭದ್ರ ಎಂಬ ಮೂಢನಂಬಿಕೆ

ಜೂನ್ 1ರಿಂದ ಜುಲೈ 31ರವರೆಗೆ, ಅಂದರೆ 61 ದಿನ, ಪಶ್ಚಿಮ ಕರಾವಳಿಯ ಯಾಂತ್ರಿಕ ಬೋಟುಗಳು ಮೀನು ಹಿಡಿಯಲು ಕಡಲಿಗಿಳಿಯುವಂತಿಲ್ಲ. ಮಲ್ಪೆ, ಗಂಗೊಳ್ಳಿ, ಮಂಗಳೂರು, ತದಡಿ, ಕಾರವಾರದ ಬಂದರುಗಳಲ್ಲಿ ಮಗ್ಗುಲಿಗೆ ಮಗ್ಗುಲು ತಾಗಿಸಿ ನಿಂತ ಬೋಟುಗಳ ಹೊಟ್ಟೆಯೊಳಗೆ ಆಗ ಎಂಜಿನ್ ಬಿಚ್ಚುವ ಕೆಲಸ ನಡೆಯುತ್ತದೆ. ಹೆಡ್ಡು ಇಳಿಸಿ, ವಾಲ್ವ್ ಉಜ್ಜಿ, ಗ್ಯಾಸ್ಕೆಟ್ ಬದಲಿಸಿ ಮತ್ತೆ ಹೆಡ್ಡು ಕೂರಿಸುವ ಹೊತ್ತಿಗೆ ಕಣ್ಣಿಗೆ ಬೀಳುವ ಒಂದು ದೃಶ್ಯ ಅಪರೂಪದ್ದೇನಲ್ಲ: ಸ್ಪ್ಯಾನರಿನ ಹಿಡಿಗೆ ಮೂರು ನಾಲ್ಕು ಅಡಿಯ ಜಿ.ಐ. ಪೈಪು ತೂರಿಸಿ, ಒಂದು ಕಾಲನ್ನು ಎಂಜಿನ್ನಿನ ದಿಮ್ಮಿಗೆ ಊರಿ, ಹೆಡ್ ಬೋಲ್ಟನ್ನು ಮೈಭಾರ ಹಾಕಿ ಎಳೆಯುವುದು. ಬೋಲ್ಟು ಒಮ್ಮೆ ಕಿರ್ ಎಂದ ಮೇಲೂ 'ಕೊನೇದೊಂದು' ಎಂದು ಇನ್ನೊಂದು ಎಳೆತ. ಆ ಕೊನೆಯ ಎಳೆತದ ಹಿಂದೆ ಇರುವ ನಂಬಿಕೆ ಬಹಳ ಸರಳ: ಬಿಗಿದಷ್ಟೂ ಭದ್ರ. ಹಳೆಯ ಡೀಸೆಲ್ ಎಂಜಿನ್ನುಗಳ ಆಯುಷ್ಯವನ್ನು ಉಪ್ಪುನೀರಿನಷ್ಟೇ ನಿಷ್ಠೆಯಿಂದ ತಿಂದುಹಾಕುತ್ತಿರುವುದು ಈ ನಂಬಿಕೆ. ಇದನ್ನು ಒಂದು ಕೈಚಳಕದ ತಪ್ಪು ಎಂದು ಬಿಟ್ಟುಬಿಡುವಂತಿಲ್ಲ. ಬೋಲ್ಟು ಅಂದರೆ ಏನು ಎಂಬ ತಿಳಿವಳಿಕೆಯಲ್ಲೇ ಆಗಿರುವ ಎಡವಟ್ಟು ಇದು.

ಎದುರು ಪಕ್ಷದ ಮಾತನ್ನು ಮೊದಲು ನ್ಯಾಯವಾಗಿ ಇಡೋಣ. ಈ ನಂಬಿಕೆಗೆ ಮೂರು ಕವಲುಗಳಿವೆ. ಹೆಡ್ಡು ಕೂರಿಸುವಾಗ ಕೈಲಾದಷ್ಟು ಬಿಗಿಯಬೇಕು ಎಂಬುದು ಒಂದು. ಹೆಡ್ಡಿನ ಸಂದಿಯಲ್ಲಿ ನೀರೋ ಗ್ಯಾಸೋ ಜಿನುಗಿದರೆ ಇನ್ನಷ್ಟು ಬಿಗಿದರಾಯಿತು ಎಂಬುದು ಎರಡನೆಯದು. ಯಾರೋ ಅತಿಯಾಗಿ ಬಿಗಿದಿಟ್ಟಿದ್ದಾರೆ ಎಂದು ಗೊತ್ತಾದ ಮೇಲೂ, ಸೋರದಿದ್ದರೆ ಅದನ್ನು ಮುಟ್ಟಬಾರದು ಎಂಬುದು ಮೂರನೆಯದು, ಮೂರರಲ್ಲೂ ಹೆಚ್ಚು ಬುದ್ಧಿವಂತಿಕೆಯಂತೆ ಕಾಣುವಂಥದ್ದು. ಈ ಮೂರರ ಬೇರೂ ಭಯದಲ್ಲಿದೆ, ಆ ಭಯ ಸುಳ್ಳಲ್ಲ. ಹೆದ್ದಾರಿಯಲ್ಲಿ ಲಾರಿಯ ಹೆಡ್ ಗ್ಯಾಸ್ಕೆಟ್ ಹೋದರೆ ಬದಿಗೆ ನಿಲ್ಲಿಸಿ ಚಾ ಕುಡಿಯಬಹುದು. ದಡದಿಂದ ನಾಲ್ವತ್ತು ಮೈಲಿ ದೂರದಲ್ಲಿ, ಬಲೆ ನೀರೊಳಗಿರುವಾಗ ಎಂಜಿನ್ ನಿಂತರೆ ಬೋಟು ನಡೆಸುವ ತಾಂಡೇಲನಿಗೆ ಬದಿ ಎಂಬುದೇ ಇಲ್ಲ. ಸಡಿಲ ಬೋಲ್ಟಿನ ಶಿಕ್ಷೆ ಅಲ್ಲಿ ಕೂಡಲೇ ಸಿಗುತ್ತದೆ. ಅತಿಬಿಗಿಯ ಶಿಕ್ಷೆ ತಿಂಗಳುಗಟ್ಟಲೆ ತಡವಾಗಿ, ಬೇರೊಂದು ವೇಷದಲ್ಲಿ ಬರುತ್ತದೆ. ಹಾಗಾಗಿಯೇ ಅದು ಯಾರ ಲೆಕ್ಕಕ್ಕೂ ಜಮೆಯಾಗುವುದಿಲ್ಲ.

ಬೋಲ್ಟನ್ನು ನಾವು ಮೊಳೆಯ ಅಣ್ಣನೆಂದು ತಿಳಿದಿದ್ದೇವೆ. ನಿಜಕ್ಕೂ ಅದು ಸ್ಪ್ರಿಂಗಿನ ತಮ್ಮ. ಎಳೆದಷ್ಟು ಹಿಗ್ಗುತ್ತದೆ, ಹಿಗ್ಗಿದಷ್ಟೇ ಬಲದಿಂದ ಹಿಂದಕ್ಕೆ ಸೆಳೆಯುತ್ತದೆ ಎಂಬ ನಿಯಮವನ್ನು ರಾಬರ್ಟ್ ಹುಕ್ 1678ರಲ್ಲೇ ಪ್ರಕಟಿಸಿದ. ಹೆಡ್ಡನ್ನು ಬ್ಲಾಕಿಗೆ ಅದುಮಿ ಹಿಡಿಯುವುದು ಬೋಲ್ಟಿನ ಗಾತ್ರವಲ್ಲ, ಅದರ ತೂಕವೂ ಅಲ್ಲ, ಬಿಗಿದಾಗ ಅದು ಹಿಗ್ಗಿದ ಆ ಚೂರು ಉದ್ದ. ಎಷ್ಟು ಚೂರು? 8.8 ಎಂಬ ದರ್ಜೆಯ, 12 ಮಿಲಿಮೀಟರ್ ದಪ್ಪದ ಸಾಮಾನ್ಯ ಬೋಲ್ಟನ್ನು ತೆಗೆದುಕೊಳ್ಳಿ. ಹಿಡಿತದ ಉದ್ದ 100 ಮಿಲಿಮೀಟರ್ ಇದ್ದು, ಸುಮಾರು 3.8 ಟನ್ ಎಳೆತ ಬರುವಂತೆ ಬಿಗಿದರೆ ಅದು ಹಿಗ್ಗುವುದು ಮಿಲಿಮೀಟರಿನ ಐದನೇ ಒಂದು ಪಾಲಿಗಿಂತ ತುಸು ಹೆಚ್ಚು. ಮೂರು ತಲೆಗೂದಲು ಜೋಡಿಸಿಟ್ಟಷ್ಟು ದಪ್ಪ. ಎಂಜಿನ್ನಿನ ಇಡೀ ಭದ್ರತೆ ನಿಂತಿರುವುದು ಈ ಮೂರು ಕೂದಲಿನ ಮೇಲೆ. ಎಂಜಿನ್ ಕಾದಾಗ ಹೆಡ್ಡು ಉಬ್ಬುತ್ತದೆ, ತಣಿದಾಗ ಕುಗ್ಗುತ್ತದೆ. ಗ್ಯಾಸ್ಕೆಟ್ ದಿನಗಳೆದಂತೆ ಚಪ್ಪಟೆಯಾಗುತ್ತದೆ. ಈ ಏರಿಳಿತವನ್ನೆಲ್ಲ ಹಿಂಬಾಲಿಸುತ್ತಾ ಹಿಡಿತ ಬಿಡದಿರಲು ಬೋಲ್ಟಿಗೆ ಹಿಗ್ಗುವ ಕುಗ್ಗುವ ಜೀವ ಉಳಿದಿರಬೇಕು. ಧಕ್ಕೆಗೆ ಬೋಟು ಕಟ್ಟುವವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಭರತದ ಹೊತ್ತಿನಲ್ಲಿ ಹಗ್ಗವನ್ನು ಒಂದಿಷ್ಟೂ ಸಡಿಲ ಬಿಡದೆ ಬಿಗಿದು ಮನೆಗೆ ಹೋದವನ ಬೋಟು ಇಳಿತದಲ್ಲಿ ಏನಾಗುತ್ತದೆ ಎಂದು ಅವರಿಗೆ ಗೊತ್ತು. ಹಗ್ಗದ ವಿಷಯದಲ್ಲಿ ಇರುವ ಈ ವಿವೇಕ ಬೋಲ್ಟಿನ ಹತ್ತಿರ ಬಂದಾಗ ಎಲ್ಲಿಗೆ ಹೋಗುತ್ತದೆ?

ಸ್ಪ್ರಿಂಗಿಗೆ ಒಂದು ಮಿತಿ ಇದೆ. ಮೇಲೆ ಹೇಳಿದ ಬೋಲ್ಟು ಸುಮಾರು ಐದೂವರೆ ಟನ್ ದಾಟಿದರೆ ಹಿಂದಕ್ಕೆ ಬರುವುದನ್ನು ಬಿಟ್ಟು ಶಾಶ್ವತವಾಗಿ ಉದ್ದವಾಗುತ್ತದೆ. ಅದರ ಥ್ರೆಡ್ಡಿನ ಅಂತರ 1.75 ಮಿಲಿಮೀಟರ್. ಅಂದರೆ ಹೆಡ್ಡು ಮತ್ತು ಗ್ಯಾಸ್ಕೆಟ್ ಕುಗ್ಗುವುದನ್ನು ಬದಿಗಿಟ್ಟು ಲೆಕ್ಕ ಹಾಕಿದರೆ, ಸರಿಯಾದ ಬಿಗಿಗೂ ಅದರ ಇಮ್ಮಡಿಗೂ ನಡುವೆ ಇರುವುದು ಒಂದು ಸುತ್ತಿನ ಎಂಟನೇ ಒಂದು ಭಾಗ. ಇಮ್ಮಡಿಗೆ ತಲುಪುವ ಮುಂಚೆಯೇ ಬೋಲ್ಟು ಸೋತಿರುತ್ತದೆ. ಕುಗ್ಗುವಿಕೆಯನ್ನು ಸೇರಿಸಿಕೊಂಡರೆ ಅಂತರ ಸ್ವಲ್ಪ ಹೆಚ್ಚಬಹುದು, ಆದರೂ ಅದು ಗಡಿಯಾರದ ಮುಳ್ಳು ಹತ್ತು ಹದಿನೈದು ನಿಮಿಷ ಸರಿದಷ್ಟೇ. 'ಕೊನೇದೊಂದು' ಎಂದು ಪೈಪಿಗೆ ಮೈಭಾರ ಹಾಕುವವನು ಓಡಾಡುತ್ತಿರುವುದು ಈ ಇಕ್ಕಟ್ಟಿನಲ್ಲಿ. ಒಂದು ಅಡಿಯ ಸ್ಪ್ಯಾನರಿನ ತುದಿಯನ್ನು 30 ಕಿಲೋ ಬಲದಿಂದ ಎಳೆದರೆ ಸುಮಾರು 9 ಕೆ.ಜಿ.-ಮೀಟರ್, ಅಂದರೆ ಒಂದು ಮೀಟರ್ ಹಿಡಿಗೆ 9 ಕಿಲೋ ತೂಗಿದಷ್ಟು ತಿರುಚುಬಲ. ಆ ಬೋಲ್ಟಿಗೆ ಸಲ್ಲುವುದೇ ಅಷ್ಟು. ನಾಲ್ಕು ಅಡಿ ಪೈಪು ಸಿಕ್ಕಿಸಿ ಅದೇ ಕೈ ಅದೇ ಬಲದಲ್ಲಿ ಎಳೆದರೆ ಅದು 36. ಕೈಗೆ ಎರಡರಲ್ಲೂ ವ್ಯತ್ಯಾಸ ತಿಳಿಯುವುದಿಲ್ಲ. ಬೋಲ್ಟಿಗೆ ತಿಳಿಯುತ್ತದೆ.

ಇಲ್ಲಿಯವರೆಗಿನ ಮಾತು ಅತಿಬಿಗಿಯಿಂದ ಬೋಲ್ಟು ಹಾಳಾಗುತ್ತದೆ ಎಂಬುದಷ್ಟೇ. ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಬೇರೆ ಇದೆ: ಕೈಗೆ ಬಿಗಿ ಎನಿಸಿದ್ದು ಹೆಡ್ಡಿಗೆ ಬಿಗಿ ಆಗಿರಬೇಕಾಗಿಲ್ಲ. ಬೋಲ್ಟನ್ನು ತಿರುಗಿಸಲು ನಾವು ಸುರಿಯುವ ಶ್ರಮದಲ್ಲಿ ಸುಮಾರು ಅರ್ಧ ಬೋಲ್ಟಿನ ತಲೆಯಡಿಯ ಉಜ್ಜಾಟಕ್ಕೆ ಹೋಗುತ್ತದೆ, ಇನ್ನು ನೂರಕ್ಕೆ ನಾಲ್ವತ್ತರಷ್ಟು ಥ್ರೆಡ್ಡಿನ ಉಜ್ಜಾಟಕ್ಕೆ. ಹಿಗ್ಗಿಸುವ ಕೆಲಸಕ್ಕೆ ಉಳಿಯುವುದು ನೂರಕ್ಕೆ ಹತ್ತು. ಈ ಹತ್ತು ಪಾಲು ಥ್ರೆಡ್ಡಿನ ಸ್ಥಿತಿಗೆ ತಕ್ಕಂತೆ ತಲೆಕೆಳಗಾಗುತ್ತದೆ. ಒಂದೇ 9 ಕೆ.ಜಿ.-ಮೀಟರಿನ ಬಿಗಿಯನ್ನು ಒಂದೇ ಹೆಡ್ಡಿನ ಮೂರು ಬೋಲ್ಟುಗಳಿಗೆ ಕೊಡೋಣ. ಶುಚಿಯಾದ ಒಣ ಥ್ರೆಡ್ಡಿನದು 3.8 ಟನ್ ಹಿಡಿತ ಕೊಡುತ್ತದೆ. ತುಕ್ಕು ಕಚ್ಚಿದ್ದು ಎರಡೂವರೆ ಟನ್ನಿಗೇ ನಿಂತುಬಿಡುತ್ತದೆ. ಜಾರುವ ಗ್ರೀಸು ಬಳಿದದ್ದು ಆರು ಟನ್ ದಾಟಿ ಹೋಗಿ ತನ್ನ ಮಿತಿಯನ್ನೇ ಮೀರುತ್ತದೆ. ಮೂರೂ ಕೈಗೆ ಒಂದೇ ಬಿಗಿ. ಉಪ್ಪುಗಾಳಿಯಲ್ಲಿ ವರ್ಷಗಟ್ಟಲೆ ಬದುಕಿದ ಎಂಜಿನ್ನಿನ ಹೆಡ್ಡಿನಲ್ಲಿ ಈ ಮೂರೂ ಬಗೆಯ ಬೋಲ್ಟುಗಳು ಅಕ್ಕಪಕ್ಕದಲ್ಲೇ ಕೂತಿರುತ್ತವೆ. ಹಾಗಿರುವಾಗ ಪೈಪು ಹಾಕಿ ಎಲ್ಲವನ್ನೂ 'ಚೆನ್ನಾಗಿ' ಎಳೆಯುವುದೆಂದರೆ ಜಾರುವ ಬೋಲ್ಟನ್ನು ಸಾಯಿಸಿ, ತುಕ್ಕಿನ ಬೋಲ್ಟನ್ನು ಅರೆಬಿಗಿಯಲ್ಲೇ ಬಿಟ್ಟು, ಎರಡರ ಮೇಲೂ ಒಂದೇ ನಂಬಿಕೆ ಇಡುವುದು. ಅತಿಬಿಗಿಯೂ ಅರೆಬಿಗಿಯೂ ಒಟ್ಟಿಗೇ ಇರುವ ಹೆಡ್ಡು ಇದರಿಂದ ತಯಾರಾಗುತ್ತದೆ. ಗ್ಯಾಸ್ಕೆಟ್ ಸಾಯುವುದು ಅರೆಬಿಗಿಯ ಕಡೆ, ಬೈಗುಳ ಬೀಳುವುದು ಗ್ಯಾಸ್ಕೆಟ್ ಕಂಪನಿಗೆ.

ಹೆಚ್ಚುವರಿ ಬಿಗಿಯ ಅಗತ್ಯವಾದರೂ ಇದೆಯೇ? 105 ಮಿಲಿಮೀಟರ್ ಸಿಲಿಂಡರಿನಲ್ಲಿ ಡೀಸೆಲ್ ಹೊತ್ತಿದಾಗ ಒತ್ತಡ 80 ಬಾರ್ ಮುಟ್ಟಿತೆಂದುಕೊಂಡರೆ ಹೆಡ್ಡನ್ನು ಮೇಲಕ್ಕೆ ತಳ್ಳುವ ಬಲ ಸುಮಾರು ಏಳು ಟನ್. ಸುತ್ತಲಿನ ನಾಲ್ಕು ಬೋಲ್ಟುಗಳು ತಲಾ 3.8 ಟನ್ ಹಿಡಿದರೆ ಹದಿನೈದು ಟನ್. ಬೇಕಾದ್ದಕ್ಕಿಂತ ಇಮ್ಮಡಿ ಆಗಲೇ ಇದೆ. ನಿಮಿಷಕ್ಕೆ 1500 ಸುತ್ತು ಓಡುವ ನಾಲ್ಕು ಸ್ಟ್ರೋಕಿನ ಎಂಜಿನ್ನಿನಲ್ಲಿ ಒಂದೊಂದು ಸಿಲಿಂಡರಿಗೆ ಈ ಏಳು ಟನ್ನಿನ ಗುದ್ದು ಸೆಕೆಂಡಿಗೆ ಹನ್ನೆರಡೂವರೆ ಸಲ, ಹತ್ತು ಗಂಟೆಯ ಓಟಕ್ಕೆ ನಾಲ್ಕೂವರೆ ಲಕ್ಷ ಸಲ ಬೀಳುತ್ತದೆ. ಬೋಲ್ಟು ಇದನ್ನು ತಾಳಿಕೊಳ್ಳುವುದು ಹೆಡ್ಡು ಬ್ಲಾಕಿಗೆ ಒತ್ತಿ ಕೂತಿರುವುದರಿಂದ: ಒತ್ತಿ ಕೂತಿರುವವರೆಗೆ ಗುದ್ದಿನ ಬಹುಪಾಲನ್ನು ಆ ಒತ್ತೇ ನುಂಗುತ್ತದೆ, ಬೋಲ್ಟಿಗೆ ಮುಟ್ಟುವುದು ಅದರ ಒಂದು ಚೂರು. ಹಿಗ್ಗಿ ಸೋತು, ಗ್ಯಾಸ್ಕೆಟ್ ಚಪ್ಪಟೆಯಾದ ಮೇಲೆ ಹಿಡಿತ ಕಳೆದುಕೊಂಡ ಬೋಲ್ಟು ಮಾತ್ರ ಈ ಗುದ್ದುಗಳನ್ನು ನೇರ ಮೈಮೇಲೆ ತೆಗೆದುಕೊಳ್ಳುತ್ತದೆ. ಮುರಿಯುವುದು ಆಗ. ಮುರಿದಾಗ ಕೇಳಿಬರುವ ಮಾತು 'ಬೋಲ್ಟು ಲೋಕಲ್ ಮಾಲು' ಎಂಬುದು. ಅದನ್ನು ಎಳೆದ ಪೈಪಿನ ಹೆಸರು ಪಂಚನಾಮೆಯಲ್ಲಿ ಬರುವುದೇ ಇಲ್ಲ.

ಹಾಳಾಗುವುದು ಬೋಲ್ಟೊಂದೇ ಆಗಿದ್ದರೆ ಹೊಸದು ತಂದು ಹಾಕಿ ಸುಮ್ಮನಾಗಬಹುದಿತ್ತು. ಬ್ಲಾಕು ಬೀಡು ಕಬ್ಬಿಣದ್ದು. ಅದು ಹಿಗ್ಗುವ ಜಾತಿಯಲ್ಲ, ಬಿರಿಯುವ ಜಾತಿ. ಅತಿಯಾಗಿ ಎಳೆದ ಬೋಲ್ಟು ತನ್ನ ರಂಧ್ರದ ಬಾಯಿಯ ಸುತ್ತಲಿನ ಲೋಹವನ್ನು ಮೇಲಕ್ಕೆ ಸೆಳೆಯುತ್ತದೆ. ಹೆಡ್ಡು ತೆಗೆದು ಬ್ಲಾಕಿನ ಮೈಯನ್ನು ಒರೆಸಿ, ರಂಧ್ರದ ಅಂಚಿನ ಮೇಲೆ ಬೆರಳ ತುದಿ ಆಡಿಸಿದರೆ ಉಂಗುರದಂತೆ ಒಂದು ಏರು ಸಿಗುತ್ತದೆ. ಆ ಉಂಗುರ ಹೆಡ್ಡನ್ನು ತಾನೇ ಹೊತ್ತು ನಿಲ್ಲುತ್ತದೆ, ಪಕ್ಕದ ಗ್ಯಾಸ್ಕೆಟ್ಟಿಗೆ ಒತ್ತು ತಲುಪಲು ಬಿಡುವುದಿಲ್ಲ. ಇನ್ನಷ್ಟು ಬಿಗಿದರೆ ಉಂಗುರ ಇನ್ನಷ್ಟು ಏಳುತ್ತದೆ, ಸೋರಿಕೆ ಇನ್ನಷ್ಟು ಹೆಚ್ಚುತ್ತದೆ. ಎರಡನೆಯ ಹಾನಿ ಸಿಲಿಂಡರಿನೊಳಗೆ. ಹೆಡ್ ಬೋಲ್ಟುಗಳ ಎಳೆತಕ್ಕೆ ಸಿಲಿಂಡರಿನ ಬಾಯಿ ತುಸು ಸೊಟ್ಟಗಾಗುತ್ತದೆ ಎಂಬುದು ಎಂಜಿನ್ ಕಟ್ಟುವವರಿಗೆ ಎಷ್ಟು ಚೆನ್ನಾಗಿ ಗೊತ್ತೆಂದರೆ, ನಾಜೂಕಿನ ಕೆಲಸ ಮಾಡುವ ಕಾರ್ಖಾನೆಗಳು ಹೆಡ್ಡಿನ ಜಾಗದಲ್ಲಿ ದಪ್ಪ ಉಕ್ಕಿನ ತಟ್ಟೆಯನ್ನು ನಿಗದಿತ ಬಿಗಿಗೆ ಬಿಗಿದು, ಆ ಸೊಟ್ಟನ್ನು ಮೊದಲೇ ಬರಿಸಿಕೊಂಡು, ಆಮೇಲೆ ಸಿಲಿಂಡರನ್ನು ಹೋನ್ ಮಾಡುತ್ತವೆ, ಅಂದರೆ ಒಳಮೈಯನ್ನು ಉಜ್ಜಿ ದುಂಡಗಾಗಿಸುತ್ತವೆ. ನಿಗದಿತ ಬಿಗಿಗೇ ಇಷ್ಟು ಎಚ್ಚರ ಬೇಕಾದರೆ ಅದರ ಮೂರು ಪಟ್ಟು ಬಿಗಿದ ಸಿಲಿಂಡರಿನಲ್ಲಿ ಪಿಸ್ಟನ್ ರಿಂಗು ದುಂಡಗೆ ಕೂರುವುದಾದರೂ ಹೇಗೆ? ಲೈನರಿನ ಕತ್ತು ಬ್ಲಾಕಿನ ಮೈಗಿಂತ ಕೂದಲೆಳೆಯಷ್ಟು ಮೇಲೆ ನಿಲ್ಲುವಂತೆ ಕೂರಿಸಿದ ಎಂಜಿನ್ನುಗಳಲ್ಲಿ ಆ ಕತ್ತೇ ಬಿರುಕು ಬಿಡಬಹುದು. ಹೊಗೆ ಜಾಸ್ತಿಯಾಯಿತು, ಎಣ್ಣೆ ತಿನ್ನುತ್ತಿದೆ, ರಿಂಗ್ ಸೆಟ್ ಬದಲಿಸಿ ಎಂದು ಬರುವ ದೂರಿನ ಹಿಂದೆ ರಿಂಗು ನಿರಪರಾಧಿಯಾಗಿರುವ ಸಂದರ್ಭ ಕಡಿಮೆ ಇರಲಾರದು.

ಇನ್ನು ಎರಡನೆಯ ಕವಲು: ಸೋರಿದರೆ ಬಿಗಿ. ಬೋಟಿನ ಎಂಜಿನ್ನಿನಲ್ಲಿ ಹೆಡ್ ಗ್ಯಾಸ್ಕೆಟ್ ಹೋಗುವ ಕಥೆ ಬಹುಪಾಲು ಹೆಡ್ಡಿನಲ್ಲಿ ಶುರುವಾಗುವುದೇ ಇಲ್ಲ. ನೀರು ಸೆಳೆಯುವ ಬಾಯಿಗೆ ಪ್ಲಾಸ್ಟಿಕ್ ಚೀಲ ಅಂಟಿಕೊಂಡಿರುತ್ತದೆ, ಪಂಪಿನ ರಬ್ಬರ್ ಇಂಪೆಲ್ಲರಿನ ಎಸಳು ಹರಿದಿರುತ್ತದೆ, ಇಲ್ಲವೇ ಹೀಟ್ ಎಕ್ಸ್‌ಚೇಂಜರಿನ ಕೊಳವೆಗಳಲ್ಲಿ ಉಪ್ಪಿನ ಪೊರೆ ಕಟ್ಟಿರುತ್ತದೆ. ಎಂಜಿನ್ ಕಾಯುತ್ತದೆ, ಹೆಡ್ಡು ಡೊಂಕಾಗುತ್ತದೆ, ಡೊಂಕಾದ ಕಡೆ ಗ್ಯಾಸ್ಕೆಟ್ ಸುಡುತ್ತದೆ. ಆಗ ಬೋಲ್ಟು ಎಳೆಯುವುದು ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂತೆ. ಡೊಂಕಾದ ಹೆಡ್ಡನ್ನು ಬೋಲ್ಟಿನ ಬಲದಿಂದ ನೇರ ಮಾಡಬಹುದು ಎಂಬ ಭ್ರಮೆಯೂ ಇದರೊಳಗಿದೆ. ಸ್ಟ್ರೇಟ್ ಎಡ್ಜ್ ಇಟ್ಟು ಫೀಲರ್ ಗೇಜ್ ತೂರಿಸಿ ನೋಡಿದರೆ ಗೊತ್ತಾಗುವ ಡೊಂಕಿಗೆ ಮದ್ದು ಹೆಡ್ಡನ್ನು ಸಪಾಟಾಗಿ ಉಜ್ಜಿಸುವುದು. ಎಳೆದು ಕೂರಿಸಿದ ಡೊಂಕು ಹೆಡ್ಡು ಒಂದೆರಡು ಟ್ರಿಪ್ಪಿನ ಮಟ್ಟಿಗೆ ಸೋರಿಕೆ ನಿಲ್ಲಿಸಿದಂತೆ ನಟಿಸಬಹುದು. ಅಷ್ಟರಲ್ಲಿ ಕಾಯುವ ಮೂಲ ರೋಗಕ್ಕೆ ಯಾರೂ ಕೈ ಹಚ್ಚಿರುವುದಿಲ್ಲ. ಬಿಗಿದದ್ದರಿಂದ ಗುಣವಾಯಿತು ಎಂಬ ಕೀರ್ತಿ ಮಾತ್ರ ಪೈಪಿಗೆ ಸಂದಿರುತ್ತದೆ.

ಆಕ್ಷೇಪಗಳಿಗೆ ಬರೋಣ. ಕಡಲಲ್ಲಿ ಹಗಲೂ ರಾತ್ರಿ ನಡುಗುವ ಎಂಜಿನ್ನಿನಲ್ಲಿ ಬೋಲ್ಟು ತಾನಾಗಿ ಸಡಿಲವಾಗುತ್ತದೆ, ಅದಕ್ಕೇ ಹೆಚ್ಚಿಗೆ ಬಿಗಿಯುವುದು ಎನ್ನುತ್ತಾರೆ. ನಡುಕಕ್ಕೆ ಬೋಲ್ಟು ಹೇಗೆ ಬಿಚ್ಚಿಕೊಳ್ಳುತ್ತದೆ ಎಂಬುದನ್ನು ಜರ್ಮನಿಯ ಗೆರ್ಹಾರ್ಡ್ ಯುಂಕರ್ 1969ರಲ್ಲಿ ಪ್ರಕಟಿಸಿದ ಪ್ರಯೋಗಗಳು ತೋರಿಸಿಕೊಟ್ಟವು: ಜೋಡಿಸಿದ ಎರಡು ಭಾಗಗಳು ಒಂದರ ಮೇಲೊಂದು ಅಡ್ಡಡ್ಡ ಜಾರಿದಾಗ. ಜಾರದಷ್ಟು ಒತ್ತು ಇದ್ದರೆ ನಡುಕ ಎಷ್ಟಿದ್ದರೂ ಬೋಲ್ಟು ತಿರುಗುವುದಿಲ್ಲ. ಆ ಒತ್ತನ್ನು ಉಳಿಸಿಕೊಳ್ಳುವುದು ಜೀವಂತ ಸ್ಪ್ರಿಂಗು, ಸತ್ತ ಸ್ಪ್ರಿಂಗಲ್ಲ. ಹೆಡ್ ಬೋಲ್ಟು ಸಡಿಲ ಎನಿಸುವುದು ಹೆಚ್ಚಾಗಿ ಅದು ತಿರುಗಿದ್ದರಿಂದಲ್ಲ, ಹಳೆಯ ಬಗೆಯ ಗ್ಯಾಸ್ಕೆಟ್ ಮೊದಲ ಕೆಲವು ಗಂಟೆಗಳ ಕಾವಿಗೆ ಕುಸಿದು ಕೂತದ್ದರಿಂದ. ಅದಕ್ಕಾಗಿಯೇ ಇಂಥ ಎಂಜಿನ್ನುಗಳ ತಯಾರಕರು ಸ್ವಲ್ಪ ಓಡಿಸಿದ ಮೇಲೆ ಮರುಬಿಗಿ ಮಾಡಿ ಎಂದು ಹೇಳುತ್ತಾರೆ. ಮುಂದೆ ಕುಸಿಯುವುದನ್ನು ಇಂದೇ ಹೆಚ್ಚುವರಿ ಬಿಗಿದು ತುಂಬಿಕೊಳ್ಳುತ್ತೇನೆ ಎನ್ನುವುದು ನಾಳೆಯ ಊಟವನ್ನು ಇವತ್ತೇ ಹೊಟ್ಟೆಗೆ ತುರುಕಿದಂತೆ.

ಸ್ವಲ್ಪ ಓದಿಕೊಂಡವರ ಆಕ್ಷೇಪ ಇದಕ್ಕಿಂತ ಚೂಪು. ಹೊಸ ಎಂಜಿನ್ನುಗಳಲ್ಲಿ ಕಂಪನಿಯವರೇ ಬೋಲ್ಟನ್ನು ಮಿತಿ ದಾಟಿಸಿ ಬಿಗಿಯುತ್ತಾರಲ್ಲ, ಮೊದಲು ಇಷ್ಟು ಟಾರ್ಕು, ಆಮೇಲೆ ಇಷ್ಟು ಡಿಗ್ರಿ ಎಂದು ಎಣಿಸಿ ತಿರುಗಿಸುತ್ತಾರಲ್ಲ, ನಾವು ಮಾಡಿದರೆ ತಪ್ಪೇ? ಆ ಬೋಲ್ಟುಗಳನ್ನು ಅದಕ್ಕೆಂದೇ ಮಾಡಿರುತ್ತಾರೆ: ಸೊಂಟ ಸಣ್ಣ, ಉದ್ದ ಹೆಚ್ಚು, ಹಿಗ್ಗಲು ಜಾಗ ಇದೆ. ಎಷ್ಟು ಡಿಗ್ರಿ ಎಂಬುದಕ್ಕೆ ಅಳತೆ ಇದೆ. ಒಮ್ಮೆ ಬಿಚ್ಚಿದರೆ ಎಸೆಯಬೇಕು, ಇಲ್ಲವೇ ಉದ್ದ ಅಳೆದು ಮಿತಿಯೊಳಗಿದ್ದರೆ ಮಾತ್ರ ಮತ್ತೆ ಹಾಕಬೇಕು ಎಂಬ ನಿಯಮವಿದೆ. ಮೂವತ್ತು ವರ್ಷದ ಹಿಂದಿನ ಎಂಜಿನ್ನಿನ ಗಿಡ್ಡ ಬೋಲ್ಟನ್ನು, ಎಷ್ಟು ಸಲ ಯಾರ ಕೈಗೆ ಸಿಕ್ಕಿ ಹಿಗ್ಗಿದೆ ಎಂದು ಗೊತ್ತಿಲ್ಲದ್ದನ್ನು, ಡಿಗ್ರಿ ಎಣಿಸದೆ ಎಳೆಯುವುದಕ್ಕೂ ಇದಕ್ಕೂ ಯಾವ ನೆಂಟಸ್ತನವೂ ಇಲ್ಲ. ಇನ್ನು ನಿಜವಾದ ಹಿರಿಯಣ್ಣಂದಿರನ್ನು, ನವಮಂಗಳೂರು ಬಂದರಿಗೆ ಬರುವ ಸರಕು ಹಡಗುಗಳ ಭಾರೀ ಎಂಜಿನ್ನುಗಳನ್ನು ನೋಡಿ. ಮನುಷ್ಯನ ತೋಳಿಗಿಂತ ದಪ್ಪವಾಗಬಲ್ಲ ಅಲ್ಲಿನ ಸ್ಟಡ್ಡುಗಳನ್ನು ಯಾರೂ ಸ್ಪ್ಯಾನರಿನಿಂದ ಎಳೆಯುವುದಿಲ್ಲ. ಹೈಡ್ರಾಲಿಕ್ ಜಾಕ್ ಸ್ಟಡ್ಡನ್ನು ನಿಗದಿತ ಒತ್ತಡಕ್ಕೆ ಹಿಗ್ಗಿಸಿ ಹಿಡಿಯುತ್ತದೆ. ನಟ್ಟನ್ನು ಸಣ್ಣದೊಂದು ಸಲಾಕೆಯಿಂದ ಕೈಯಲ್ಲೇ ತಿರುಗಿಸಿ ಕೂರಿಸುತ್ತಾರೆ. ಜಾಕ್ ಬಿಟ್ಟಾಗ ಸ್ಟಡ್ಡು ತಾನೇ ಹೆಡ್ಡನ್ನು ಅದುಮುತ್ತದೆ. ಕಡಲಿನ ಅತಿ ದೊಡ್ಡ ಎಂಜಿನ್ನಿನ ನಟ್ಟು ಕೈಬಿಗಿಯಲ್ಲಿ ಕೂರುತ್ತದೆ, ಯಾಕೆಂದರೆ ಅಲ್ಲಿ ಅಳೆಯುವುದು ಹಿಗ್ಗನ್ನು. ತೋಳ್ಬಲವನ್ನು ಬೋಲ್ಟಿಗೆ ಹಾಕಿ ತೃಪ್ತಿಪಡುವುದು ಸಣ್ಣ ಎಂಜಿನ್ನುಗಳ ಪಾಲಿಗೆ ಮಾತ್ರ ಬಂದಿರುವ ದುರದೃಷ್ಟ.

ಟಾರ್ಕ್ ರೆಂಚೇನು ದೇವರೇ, ಪಳಗಿದ ಕೈಗೆ ಅಳತೆ ಗೊತ್ತಿರುತ್ತದೆ ಎಂಬುದು ಮತ್ತೊಂದು ಮಾತು. ರೆಂಚು ದೇವರಲ್ಲ. ಎಂಜಿನಿಯರಿಂಗ್ ಕೈಪಿಡಿಗಳೇ ಒಪ್ಪುವಂತೆ ಟಾರ್ಕ್ ರೆಂಚಿನಿಂದ ಬಿಗಿದರೂ ನಿಜವಾದ ಹಿಡಿತದಲ್ಲಿ ಆಚೀಚೆ ನೂರಕ್ಕೆ 25ರಷ್ಟು ವ್ಯತ್ಯಾಸ ಇರುತ್ತದೆ, ಬರಿಗೈಯ ಅಂದಾಜಿನಲ್ಲಿ 35ರಷ್ಟು. ಹತ್ತು ಅಂಕಗಳ ಈ ಅಂತರಕ್ಕೆ ಇಷ್ಟು ರಂಪವೇ ಎಂದು ಕೇಳಬಹುದು. ಆ 35 ಪೈಪಿಲ್ಲದ ಸ್ಪ್ಯಾನರಿನ ಲೆಕ್ಕ. ಪೈಪು ಹಾಕಿದ ಕ್ಷಣ ಕೈಯ ಅನುಭವವೆಲ್ಲ ಪೈಪಿನ ಉದ್ದದಲ್ಲಿ ಕರಗಿಹೋಗುತ್ತದೆ. ಪಳಗಿದ ಕೈಯ ಮೇಲೆ ನಿಜಕ್ಕೂ ಗೌರವವಿದ್ದವರು ಅದಕ್ಕೆ ಪೈಪು ಕೊಡುವುದಿಲ್ಲ. ಬೋಟಿನ ಎಂಜಿನ್ ಕೋಣೆಯಲ್ಲಿ ಇನ್ನೊಂದು ತೊಡಕೂ ಇದೆ: ಈಚೆ ಬದಿಯ ಬೋಲ್ಟಿಗೆ ನಿಂತು ಎಳೆಯಬಹುದು, ಆಚೆ ಬದಿಯದಕ್ಕೆ ಮರದ ಗೋಡೆಗೆ ಬೆನ್ನು ಕೊಟ್ಟು ಮುದುಡಿ ಕೂತು ಎಳೆಯಬೇಕು. ಒಂದೇ ಕೈ, ಒಂದೇ ಅನುಭವ, ಎರಡು ಬೇರೆ ಬಿಗಿ. ರೆಂಚಿನ ದೊಡ್ಡಗುಣ ನಿಖರತೆಗಿಂತ ನಿಷ್ಪಕ್ಷಪಾತ. ಹಳೆಯ ಎಂಜಿನ್ನಿಗೆ ಕೈಪಿಡಿಯೇ ಇಲ್ಲ, ಯಾವ ಅಂಕಿಗೆ ಬಿಗಿಯುವುದು ಎನ್ನುವವರಿಗೂ ಉತ್ತರವಿದೆ. ಬೋಲ್ಟಿನ ತಲೆಯ ಮೇಲೆ 8.8, 10.9 ಎಂದು ಅಚ್ಚೊತ್ತಿರುವುದು ಅಲಂಕಾರಕ್ಕಲ್ಲ. ದಪ್ಪ ಮತ್ತು ದರ್ಜೆ ಗೊತ್ತಾದರೆ ಅದು ಹೊರಬಲ್ಲ ಮೇಲ್ಮಿತಿ ಸಾಮಾನ್ಯ ಕೋಷ್ಟಕದಲ್ಲೇ ಸಿಗುತ್ತದೆ. ತಯಾರಕರ ಅಂಕಿ ಸಿಕ್ಕಿದರೆ ಅದೇ ಅಂತಿಮ. ಸಿಗದಿದ್ದರೆ ಕೋಷ್ಟಕದ ಮೇಲ್ಮಿತಿಯ ಒಳಗೇ ಇರಬೇಕು.

ಎಲ್ಲಕ್ಕಿಂತ ಬಲವಾದ ಆಕ್ಷೇಪ ಮೂರನೆಯ ಕವಲಿನಿಂದ ಬರುತ್ತದೆ. ಸರಿ, ಅತಿಯಾಗಿ ಬಿಗಿದದ್ದು ತಪ್ಪೇ. ಆದರೆ ಆಗಿಹೋಗಿದೆ, ಎಂಜಿನ್ ಓಡುತ್ತಿದೆ, ಈಗ ಬಿಚ್ಚಲು ಹೋದರೆ ಬೋಲ್ಟು ಒಳಗೇ ತುಂಡಾಗುತ್ತದೆ, ಬಿಚ್ಚಿ ಕಡಿಮೆ ಬಿಗಿದರೆ ಅಪ್ಪಚ್ಚಿಯಾದ ಗ್ಯಾಸ್ಕೆಟ್ ಮತ್ತೆ ಹಿಡಿಯುವುದಿಲ್ಲ. ಇದರಲ್ಲಿ ಹೇಳಿದ ಅಪಾಯಗಳು ಎರಡೂ ನಿಜ. ನಡುಸೀಸನ್ನಿನಲ್ಲಿ, ಕೈಯಲ್ಲಿ ಹೊಸ ಗ್ಯಾಸ್ಕೆಟ್ಟೂ ಬದಲಿ ಬೋಲ್ಟುಗಳೂ ಇಲ್ಲದೆ ಹೆಡ್ಡಿಗೆ ಸ್ಪ್ಯಾನರ್ ಹಚ್ಚುವುದು ಖಂಡಿತ ತಪ್ಪು. ಆದರೆ ಆ ಅಪಾಯಗಳಿಂದ ಹೊರಡುವ ತೀರ್ಮಾನ 'ಈಗ ಬೇಡ, ಸಿದ್ಧತೆ ಮಾಡಿಕೊಂಡು ಮಾಡೋಣ' ಎಂದಾಗಬೇಕು. 'ಎಂದಿಗೂ ಮುಟ್ಟಬೇಡ' ಎಂದಾಗುವುದಿಲ್ಲ. ಬಿಚ್ಚುವಾಗ ತುಂಡಾಗುವಷ್ಟು ಸೋತ ಬೋಲ್ಟು ಬಿಚ್ಚದಿದ್ದರೆ ಗಟ್ಟಿಯಾಗಿ ಉಳಿಯುತ್ತದೆಯೇ? ಅದು ಧಕ್ಕೆಯಲ್ಲಿ ಮುರಿಯದಿದ್ದರೆ ಕಡಲಲ್ಲಿ ಮುರಿಯುತ್ತದೆ. ಆಯ್ಕೆ ಇರುವುದು ಜಾಗದ್ದು ಮಾತ್ರ. ಇಪ್ಪತ್ತು ವರ್ಷದಿಂದ ಹೀಗೇ ಓಡಿದೆ ಎಂಬ ಸಮರ್ಥನೆಯೂ ಇದೇ ಜಾತಿಯದು. ಆ ಇಪ್ಪತ್ತು ವರ್ಷಗಳಲ್ಲಿ ಎಷ್ಟು ಗ್ಯಾಸ್ಕೆಟ್, ಎಷ್ಟು ರಿಂಗ್ ಸೆಟ್, ಎಷ್ಟು ಲೈನರ್ ಹೋಯಿತು ಎಂಬ ಲೆಕ್ಕವನ್ನೂ ಪಕ್ಕದಲ್ಲಿಟ್ಟು ಹೇಳಿದರೆ ಮಾತ್ರ ಅದು ಸಾಕ್ಷ್ಯವಾಗುತ್ತದೆ.

ರಜೆಯ 61 ದಿನಗಳು ಇರುವುದೇ ಇಂಥ ಕೆಲಸಕ್ಕೆ. ಎಂಜಿನ್ ಪೂರ್ತಿ ತಣ್ಣಗಿರಬೇಕು. ಸ್ಪ್ಯಾನರ್ ಹಚ್ಚುವ ಮುಂಚೆ ಪ್ರತಿ ಬೋಲ್ಟಿನ ತಲೆಯಿಂದ ಹೆಡ್ಡಿನ ಮೇಲಕ್ಕೆ ಬಿಳಿ ಪೇಂಟಿನ ಒಂದು ಗೆರೆ ಎಳೆಯಬೇಕು. ಬಿಚ್ಚುವುದು ಬಿಗಿಯುವ ಕ್ರಮಕ್ಕೆ ತಿರುಗುಮುರುಗು: ಹೊರಗಿನಿಂದ ನಡುವಿಗೆ, ಒಂದೊಂದನ್ನು ಕಾಲು ಸುತ್ತಿನಷ್ಟೇ, ಸುತ್ತಿನ ಮೇಲೆ ಸುತ್ತು. ಒಂದನ್ನೇ ಪೂರ್ತಿ ಬಿಚ್ಚಿ ಮುಂದಿನದಕ್ಕೆ ಹೋದರೆ ಇಡೀ ಹೆಡ್ಡಿನ ಎಳೆತ ಕೊನೆಗುಳಿದ ಎರಡು ಬೋಲ್ಟುಗಳ ಮೇಲೆ ಬಿದ್ದು ಹೆಡ್ಡು ಬಳುಕುತ್ತದೆ. ಕಚ್ಚಿಕೊಂಡದ್ದಕ್ಕೆ ತುಕ್ಕುಬಿಡಿಸುವ ಎಣ್ಣೆ, ಕಾಯುವ ತಾಳ್ಮೆ, ಹಿತ್ತಾಳೆ ತುಂಡು ಇಟ್ಟು ತಲೆಯ ಮೇಲೆ ನಾಲ್ಕು ಏಟು, ಆರು ಮೂಲೆಯ ಸಾಕೆಟ್ಟು, ಜರ್ಕಿಲ್ಲದ ಒಂದೇ ಸಮ ಎಳೆತ. ಹೊರಬಂದ ಬೋಲ್ಟುಗಳನ್ನು ತೊಳೆದು ಕನ್ನಡಿ ಗಾಜಿನ ಮೇಲೆ ಸಾಲಾಗಿ ತಲೆಕೆಳಗೆ ನಿಲ್ಲಿಸಿದರೆ ಒಂದೇ ಅಳತೆಯವುಗಳ ನಡುವೆ ಉದ್ದವಾದದ್ದು ತಾನಾಗಿ ಎದ್ದು ಕಾಣುತ್ತದೆ. ಹೊಸ ನಟ್ಟೊಂದನ್ನು ಬೆರಳಲ್ಲಿ ಪ್ರತಿ ಬೋಲ್ಟಿನ ಥ್ರೆಡ್ಡಿನ ಉದ್ದಕ್ಕೂ ಓಡಿಸಬೇಕು; ಸಲೀಸಾಗಿ ಇಳಿದು ನಡುವೆ ಒಂದೆಡೆ ಕಚ್ಚಿಕೊಂಡರೆ ಅಲ್ಲಿ ಥ್ರೆಡ್ಡು ಹಿಗ್ಗಿದೆ, ಬೋಲ್ಟು ಗುಜರಿಗೆ. ಬ್ಲಾಕಿನ ರಂಧ್ರಗಳ ಬಾಯಿಯ ಉಂಗುರವನ್ನು ಸಪಾಟು ಮಾಡಿ ಅಂಚನ್ನು ತುಸು ಓರೆ ಹೊಡೆಯಬೇಕು, ತಳಮುಚ್ಚಿದ ರಂಧ್ರದಲ್ಲಿ ಒಂದು ಹನಿ ನೀರೂ ಎಣ್ಣೆಯೂ ಉಳಿಯಬಾರದು. ಅಲ್ಲಿ ಸಿಕ್ಕಿಕೊಂಡ ದ್ರವ ಬೋಲ್ಟು ಇಳಿದಂತೆ ಬ್ಲಾಕನ್ನೇ ಸೀಳಬಹುದು. ಆಮೇಲೆ ಹೊಸ ಗ್ಯಾಸ್ಕೆಟ್, ಎಲ್ಲ ಥ್ರೆಡ್ಡಿಗೂ ಒಂದೇ ಬಗೆಯ ಶುಚಿ, ಎಣ್ಣೆಯೋ ಒಣವೋ ತಯಾರಕ ಹೇಳಿದಂತೆ, ನಡುವಿನಿಂದ ಹೊರಕ್ಕೆ ಮೂರು ಹಂತದ ಬಿಗಿ, ಸ್ವಲ್ಪ ಓಡಿಸಿ ತಣಿಸಿ ಮರುಬಿಗಿ.

ಇದಕ್ಕೆಲ್ಲ ತಗಲುವ ಖರ್ಚು ಒಂದು ಗ್ಯಾಸ್ಕೆಟ್, ಒಂದಷ್ಟು ಬೋಲ್ಟು, ಎರಡು ದಿನದ ಕೂಲಿ. ಖರ್ಚಿನ ಮಾತೆತ್ತುವವರು ಇದನ್ನು ಸಿಲಿಂಡರಿನ ಬಾಯಿ ಸೊಟ್ಟಗಾದ ಬ್ಲಾಕಿನ ಪಕ್ಕದಲ್ಲಿಟ್ಟು ನೋಡಲಿ. ನಂಬಿಕೆಯನ್ನು ಒಮ್ಮೆಯಾದರೂ ಪರೀಕ್ಷೆಗೆ ಒಡ್ಡಲು ಇಷ್ಟವಿದ್ದವರಿಗೆ ಹೆಡ್ಡು ಇಳಿಸುವ ಮುಂಚೆಯೇ ಒಂದು ದಾರಿಯಿದೆ. ಗೆರೆ ಎಳೆದ ಬೋಲ್ಟುಗಳಲ್ಲಿ ಸಲೀಸಾಗಿ ತಿರುಗುವ ಒಂದನ್ನು ಆರಿಸಿ, ಅದೊಂದನ್ನೇ ಕಾಲು ಸುತ್ತು ಹಿಂದೆ ತಿರುಗಿಸಿ, ನಿಗದಿತ ಅಂಕಿಗೆ ಇಟ್ಟ ರೆಂಚಿನಿಂದ ಮತ್ತೆ ಬಿಗಿಯಲಿ. ರೆಂಚು ಟಿಕ್ ಎಂದಾಗ ಬೋಲ್ಟಿನ ತಲೆಯ ಮೇಲಿನ ಬಿಳಿ ಗೆರೆ ಹೆಡ್ಡಿನ ಮೇಲಿನ ಗೆರೆಯನ್ನು ಕೂಡಿಕೊಂಡರೆ ಹಿಂದೆ ಬಿಗಿದವನ ಕೈಗೆ ನಮಸ್ಕಾರ. ತುಸು ಹಿಂದೆಯೇ ನಿಂತುಬಿಟ್ಟರೆ, ಎರಡು ಗೆರೆಗಳ ನಡುವಿನ ಆ ಅಂತರವನ್ನು ಭದ್ರತೆ ಎಂದು ಕರೆಯಲು ಆಮೇಲೆ ನಾಲಗೆ ಏಳಲಾರದು.